ವಾರೆಗಣ್ಣು ಕಲಿಸಿದ ಅತ್ತೆ

ಮದುವೆಯಾಗಿ ಲಿಂಗಸುಗೂರಿನ ಗಂಡನ ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ಮೊದಲು ಕಂಡದ್ದು ಅತ್ತೆಯ ಬಲಗಣ್ಣಿನ ಸುತ್ತ ಮೂಡಿದ್ದ ಕಪ್ಪು ಉಂಗುರ. ಬಳೆಯನ್ನು ಮಸಿಯಲ್ಲಿ ಅದ್ದಿ ಒತ್ತಿದ ಹಾಗೆ ಅಷ್ಟು ಗುಂಡಗಿತ್ತು. ಹಣೆಯ ಮೇಲೆ ಅಚ್ಚ ಬಿಳಿ ವಿಭೂತಿ, ಕೊರಳಲ್ಲಿ ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ, ಎರಡರ ನಡುವೆ ಈ ಮಸಿ. ಒಲೆಯ ಮುಂದೆ ಕೂತು ಏನೂ ಆಗಿಲ್ಲವೆಂಬಂತೆ ರೊಟ್ಟಿ ಬಡಿಯುತ್ತಿದ್ದರು. ನಾನು ಹೊಸ ಸೊಸೆ, ಕೇಳುವ ಹಾಗಿಲ್ಲ. ಯಾರಾದರೂ ಹೊಡೆದಿದ್ದರೆ ಇಷ್ಟು ಅಚ್ಚುಕಟ್ಟಾಗಿ ಹೊಡೆಯಲಾರರು. ದೃಷ್ಟಿ ಬೊಟ್ಟೆನ್ನಲು, ನಮ್ಮ ಪಾಮನಕಲ್ಲೂರಿನಲ್ಲಿ ಅದನ್ನು ಕೂಸಿನ ಗಲ್ಲಕ್ಕೆ ಇಡುತ್ತಿದ್ದರೇ ಹೊರತು ಅತ್ತೆಯಂದಿರ ಕಣ್ಣಿಗಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು.

"ದುರ್ಬೀನಿನ ಮಸಿ ಬೇ. ರಾತ್ರಿ ತೊಳಕೊಳ್ಳೋದು ಮರ್ತೀನಿ," ಎಂದು ಸೆರಗಿನಿಂದ ಒರೆಸಿಕೊಂಡು ಅದನ್ನು ಇಡೀ ಕೆನ್ನೆಗೆ ಹರಡಿದರು.

ದುರ್ಬೀನು ಎಂದರೆ ನನಗೆ ಗೊತ್ತಿದ್ದುದು ಶಿಕಾರಿಗೆ ಬರುವ ಸಾಹೇಬರ ಕೊರಳಿನ ಜೋಡಿ ಕೊಳವೆ. ಹಿತ್ತಲಿಗೆ ಹೋದರೆ ಅಲ್ಲಿ ನಿಂತಿದ್ದುದು ಆಳೆತ್ತರದ ಕಟ್ಟಿಗೆ ಪೆಟ್ಟಿಗೆ. ಮಸ್ಕಿಯ ಕಲ್ಲುಕುಟಿಗರು ಕೊರೆದುಕೊಟ್ಟ ಬಂಡೆಯ ಮೇಲೆ, ಬೀಸುಕಲ್ಲಿನ ಹಾಗೆ ಗೂಟದ ಸುತ್ತ ತಿರುಗುತ್ತಿತ್ತು. ತಳದಲ್ಲಿ ಊಟದ ಗಂಗಾಳದಷ್ಟು ಅಗಲದ ಕನ್ನಡಿ, ಮುಖ ಆಕಾಶಕ್ಕೆ. ಮೇಲ್ತುದಿಯ ಮಗ್ಗುಲಲ್ಲಿ ಕಣ್ಣಿಡಲು ಹಿತ್ತಾಳೆಯ ಕೊಳವೆ. ಬೇಡದ ಬೆಳಕು ಒಳಗೆ ಸುಳಿಯಬಾರದೆಂದು ಪೆಟ್ಟಿಗೆಗೂ ಕೊಳವೆಗೂ ದೀಪದ ಮಸಿ ಬಳಿದಿದ್ದರು. ಅತ್ತೆ ಕಣ್ಣನ್ನು ಅದಕ್ಕೆ ಒತ್ತಿ ಹಿಡಿದು ನೋಡುತ್ತಿದ್ದರು, ಅದಕ್ಕೇ ಆ ಉಂಗುರ.

ಅದನ್ನು ಮಾಡಿಸಿದವರು ಮಾವನವರು. ಅವರು ನಿಜಾಮರ ಸರಕಾರದಲ್ಲಿ ರಸ್ತೆ, ಸೇತುವೆ ಕಟ್ಟಿಸುವ ಖಾತೆಯಲ್ಲಿ ಓವರ್ಸಿಯರ್ ಆಗಿದ್ದರಂತೆ. ಹಟ್ಟಿಯ ಕಡೆ ಗಣಿ ಮುಚ್ಚಿದಾಗ ತನ್ನ ದೇಶಕ್ಕೆ ಹೊರಟ ಬಿಳಿಯ ದೊರೆಯೊಬ್ಬ ಎರಡು ದಪ್ಪ ಗಾಜು, ಗಾಜು ತಿಕ್ಕುವ ಒಂದು ಡಬ್ಬಿ ಕುರುಂದದ ಪುಡಿ ಅವರಿಗೆ ಬಿಟ್ಟುಹೋದ. ಒಂದು ಗಾಜಿನ ಮೇಲೆ ಇನ್ನೊಂದನ್ನು ತಿಂಗಳುಗಟ್ಟಲೆ ತಿಕ್ಕಿದರೆ ಮೇಲಿನದು ನಡುವೆ ತಗ್ಗಾಗಿ ಕನ್ನಡಿಗೆ ಬೇಕಾದ ಆಕಾರ ಬರುತ್ತದೆ. ಹಗಲೆಲ್ಲ ರಸ್ತೆಯ ಮೇಲಿರುತ್ತಿದ್ದ ಮಾವನಿಗೆ ತಿಕ್ಕಲು ಪುರಸೊತ್ತೆಲ್ಲಿ? ತಿಕ್ಕಿದ್ದು ಅತ್ತೆ. ಅವರು ಇಳಕಲ್ಲಿನ ನೇಕಾರರ ಮನೆಯ ಮಗಳು, ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುವುದು ರಕ್ತದಲ್ಲೇ ಇತ್ತು. ಮಾವ ಲೆಕ್ಕ ಹಾಕುತ್ತಿದ್ದರು, ತಾನು ಗಾಜಿನ ಸುತ್ತ ತಿರುಗುತ್ತ ತಿಕ್ಕುತ್ತಿದ್ದೆ ಎಂದು ಅತ್ತೆ ಹೇಳುತ್ತಿದ್ದರು. ನಾನು ಬರುವ ಹೊತ್ತಿಗೆ ಮಾವ ತೀರಿಹೋಗಿ ಕೆಲವು ಚಳಿಗಾಲಗಳು ಕಳೆದಿದ್ದವು. ನನ್ನ ಗಂಡ ಸಿಂಧನೂರಿನ ತಹಶೀಲಿಯಲ್ಲಿ ಕಾರಕೂನರು, ಶುಕ್ರವಾರದ ರಜೆ ಹಿಡಿದು ಯಾವಾಗಲಾದರೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಇರುತ್ತಿದ್ದವರು ನಾವಿಬ್ಬರೇ.

ಮಿಕ್ಕ ಹೆಂಗಸರು ಅಮಾವಾಸ್ಯೆಗೆ ಬಾಗಿಲು ಹಾಕಿಕೊಂಡರೆ ನಮ್ಮ ಅತ್ತೆ ಅಂದೇ ಹಿತ್ತಲಿಗೆ ಹೋಗುವವರು. ದೀಪವೂ ಇಲ್ಲ, ಗಂಡನೂ ಇಲ್ಲ, ಮೇಲೆ ಕಣ್ಣಿಗೆ ಮಸಿ. ಓಣಿಯವರು ಬಾನಾಮತಿ, ಮಾಟ ಎಂದು ಮಾತಾಡಿಕೊಳ್ಳದೆ ಏನು ಮಾಡಿಯಾರು? ಅತ್ತೆ ಅದಕ್ಕೆ ಸಿಟ್ಟಾಗಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಒಂದು ದಿನ ಹೆಂಗಸೊಬ್ಬಳು ಕದ್ದುಮುಚ್ಚಿ ಬಂದು, ತನ್ನ ನೆಗೆಣ್ಣಿಗೆ ಸ್ವಲ್ಪ ಏನಾದರೂ ಮಾಡಿಕೊಡಬೇಕೆಂದು ಕೈಮುಗಿದಳು. ನಾನು ಒಳಗೆ ನಿಂತು ಕೇಳಿಸಿಕೊಂಡೆ. ಅತ್ತೆ ಆಕೆಗೆ ದುರ್ಬೀನಿನಲ್ಲಿ ಚಂದ್ರನನ್ನು ತೋರಿಸಿದರು, ಬಿಸಿ ರೊಟ್ಟಿ, ಪುಂಡಿಪಲ್ಯ ತಿನ್ನಿಸಿದರು, ನೆಗೆಣ್ಣಿಗೂ ಎರಡು ರೊಟ್ಟಿ ಕಟ್ಟಿಕೊಟ್ಟು ಕಳಿಸಿದರು. ಆಕೆ ಮತ್ತೆ ಬರಲಿಲ್ಲ.

ಆಕಾಶ ನೋಡುವ ದಿನ ಅವರ ತಯಾರಿ ಹೊತ್ತು ಮುಳುಗುವ ಮೊದಲೇ ಶುರುವಾಗುತ್ತಿತ್ತು. ಬಲಗಣ್ಣಿಗೆ ಕರಿ ಬಟ್ಟೆ ಕಟ್ಟಿಕೊಳ್ಳುವರು. ಕಣ್ಣು ಕತ್ತಲಿಗೆ ಹದವಾಗಬೇಕು, ಒಲೆಯ ಬೆಂಕಿಯನ್ನೂ ನೋಡಬಾರದು. ಹಾಗಾಗಿ ಎಡಗಣ್ಣೊಂದರಿಂದಲೇ ಅಡಿಗೆ. ರೊಟ್ಟಿ ಒಂದೂ ಹರಿಯುತ್ತಿರಲಿಲ್ಲ. ಎರಡೂ ಕಣ್ಣು ಬಿಟ್ಟುಕೊಂಡ ನಾನು ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಮೂರು ಪಾಲಾಗುತ್ತಿತ್ತು.

ಬಂದ ತಿಂಗಳಲ್ಲೇ ನನ್ನನ್ನು ಆ ಕೊಳವೆಯ ಮುಂದೆ ನಿಲ್ಲಿಸಿದರು. ನಾನು ಕಣ್ಣಿಟ್ಟೆ. ಕತ್ತಲು. ಒಂದೆರಡು ಚಿಕ್ಕೆ, ಅವುಗಳ ನಡುವೆ ಮತ್ತೂ ಕತ್ತಲು. ಏನೂ ಇಲ್ಲವೆಂದೆ. ಆಗ ಅವರು ಹೇಳಿದ ಮಾತು ಕೇಳಿ ನನಗೆ ನೆಲವೇ ಕುಸಿದಂತಾಯಿತು.

"ನೆಟ್ಟಗ ನೋಡಬ್ಯಾಡ. ವಾರಿಗಣ್ಣಿಲೆ ನೋಡು."

ಮೈ ನೆರೆದಂದಿನಿಂದ ನನ್ನ ಅವ್ವ ನನಗೆ ಕಲಿಸಿದ್ದು ಒಂದೇ ಪಾಠ, ಕಣ್ಣು ನೆಲದ ಮೇಲಿರಬೇಕು. ವಾರೆಗಣ್ಣಿನಿಂದ ನೋಡುವ ಹುಡುಗಿ ಎಂಥವಳೆಂದು ಅವಳು ಬಿಡಿಸಿಯೂ ಹೇಳಿದ್ದಳು. ಅಂಥದರಲ್ಲಿ ಗಂಡನ ಹೆತ್ತತಾಯಿಯೇ ವಾರೆಗಣ್ಣು ಕಲಿಸುತ್ತಿದ್ದಾರೆ. ನಾಚಿಕೆಯಿಂದ ಕಿವಿ ಸುಟ್ಟವು. ಅತ್ತೆಗೆ ನನ್ನ ಸಂಕಟ ತಿಳಿದು ಕತ್ತಲಲ್ಲೇ ನಕ್ಕರು. ಮಬ್ಬು ವಸ್ತು ಕಣ್ಣಿನ ನಡುವಿಗೆ ಸಿಕ್ಕುವುದಿಲ್ಲ, ಮೂಲೆಗೆ ಸಿಗುತ್ತದೆ, ಪಕ್ಕದ ಚಿಕ್ಕೆಯನ್ನು ನೋಡುತ್ತಿದ್ದೇನೆಂಬಂತೆ ಇದ್ದುಬಿಡು, ಅದು ತಾನಾಗಿ ಬರುತ್ತದೆ ಎಂದರು. ನಾನು ಪಕ್ಕದ ಚಿಕ್ಕೆ ನೋಡಿದೆ. ಆ ಕಡೆ, ಏನೂ ಇಲ್ಲವೆಂದುಕೊಂಡಲ್ಲಿ, ಯಾರೋ ಊದಿದ ಉಸಿರಿನಂತೆ ಬೆಳ್ಳಗೆ ಮೂಡಿತು. ಗಾಬರಿಯಿಂದ ಅತ್ತ ಕಣ್ಣು ಹೊರಳಿಸಿದೆ. ಹೋಯಿತು. ಮತ್ತೆ ಚಿಕ್ಕೆ ನೋಡಿದೆ, ಬಂತು. ಇಷ್ಟು ದೊಡ್ಡ ಮೋಸ ನನ್ನ ಕಣ್ಣೊಳಗೇ ಇತ್ತೆಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಓದಿದವರು ಅದನ್ನು ನೀಹಾರಿಕೆ ಎನ್ನುತ್ತಾರೆ. ಅತ್ತೆ ಹಿಂಜಿದ ಅರಳೆ ಎನ್ನುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ನೆಟ್ಟನೋಟದಲ್ಲಿ ಕೂರುತ್ತಿದ್ದ ಅದೇ ಹೆಂಗಸು, ಸಂಜೆಯಾದರೆ ವಾರೆಗಣ್ಣಿನಿಂದ ಆಕಾಶದ ಅರಳೆ ನೋಡುತ್ತಿದ್ದರು. ಎರಡನ್ನೂ ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದರು. ಏನು ಕಾಣಬೇಕೆಂದು ಮಾತ್ರ ನನಗೆ ಎಂದೂ ಹೇಳಿಕೊಡಲಿಲ್ಲ. ನಾನು ಗೋಗರೆದರೆ ಒಂದೇ ಉತ್ತರ.

"ನಾ ಹೇಳಂಗಿಲ್ಲ. ಹೇಳಿದ್ರ ಇಲ್ಲದ್ದೂ ನಿನಗ ಕಾಣತೈತಿ."

ಅವರು ಇಷ್ಟು ಕಟ್ಟುನಿಟ್ಟಾಗಿದ್ದುದಕ್ಕೆ ಕಾರಣವಿತ್ತು. ಆಗ ನನಗೆ ಗೊತ್ತಿರಲಿಲ್ಲ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಚಳಿಗಾಲದ ಸಂಜೆ ಮೂಡಣದಲ್ಲಿ ಸಾಲಾಗಿ ಮೂರು ಚಿಕ್ಕೆ ಏರುತ್ತವಲ್ಲ, ಅವುಗಳ ಪಕ್ಕಕ್ಕೆ ಒಂದು ದೊಡ್ಡ ಅರಳೆಯಿದೆ. ಬರಿಗಣ್ಣಿಗೂ ಮಸುಕಾಗಿ ಕಾಣುತ್ತದೆ. ದುರ್ಬೀನಿನಲ್ಲಿ ನೋಡಿದರೆ ನಡುವೆ ಹೊಳಪು, ಅದರಿಂದ ಎರಡು ಕಡೆಗೆ ಬಾಗಿ ಹೋಗುವ ಎರಡು ಸೆರಗು. ಸೆರಗುಗಳು ಹೋಗುತ್ತ ಹೋಗುತ್ತ ತೆಳ್ಳಗಾಗಿ ಕತ್ತಲಲ್ಲಿ ಕರಗುತ್ತವೆ. ಮಾವನವರು ಅಷ್ಟನ್ನೇ ಕಂಡದ್ದು. ಅತ್ತೆ ಮಾತ್ರ, ಇಲ್ಲ, ಕರಗುವುದಿಲ್ಲ, ದೂರದ ತುದಿಯಲ್ಲಿ ಎರಡೂ ಬಾಗಿ ಬಂದು ಕೂಡುತ್ತವೆ ಎಂದರು. ಇಳಕಲ್ಲಿನ ಮಗ್ಗದಲ್ಲಿ ಸೀರೆಯ ಒಡಲಿನ ಎಳೆಯನ್ನೂ ಸೆರಗಿನ ಎಳೆಯನ್ನೂ ಒಂದರೊಳಗೊಂದು ಸಿಕ್ಕಿಸಿ ಕೂಡಿಸುತ್ತಾರೆ. ಆ ಕೂಡಿಕೆಗೆ ಕೊಂಡಿ ಎನ್ನುತ್ತಾರೆ. ಅತ್ತೆ ಹುಡುಗಿಯಾಗಿದ್ದಾಗ ಆ ಕೆಲಸ ಮಾಡಿದವರು. ಆಕಾಶದ್ದಕ್ಕೂ ಅದೇ ಹೆಸರಿಟ್ಟರು. ಮಾವ ಚಳಿಗಾಲವೆಲ್ಲ ನೋಡಿದರು, ಅವರಿಗೆ ಕೊಂಡಿ ಕಾಣಲಿಲ್ಲ. ನಿನಗೆ ತವರಿನ ಸೀರೆ ಕಾಣುತ್ತದೆ, ಆಕಾಶ ಕಾಣುವುದಿಲ್ಲ ಎಂದು ಹಾಸ್ಯ ಮಾಡಿದರು. ಸಾಯುವ ತನಕ ಅದನ್ನೇ ಅಂದರು. ಅತ್ತೆ ಸಾಯುವವರ ಮುಂದೆಯೂ ತಮ್ಮ ಮಾತು ಬಿಡಲಿಲ್ಲ.

ಕಂಡದ್ದು ಇದ್ದದ್ದೋ, ತವರಿನ ನೆನಪೋ, ಅದಷ್ಟೇ ಅವರಿಗೆ ಗೊತ್ತಾಗಬೇಕಿತ್ತು. ಬೇರೆ ಒಂದು ಕಣ್ಣು, ಯಾರೂ ಏನೂ ಹೇಳಿಕೊಡದ ಕಣ್ಣು, ಅದನ್ನು ಕಂಡರೆ ಸಾಕು. ನನ್ನನ್ನು ತಯಾರು ಮಾಡುತ್ತಿದ್ದುದು ಅದಕ್ಕೆ. ಆದರೆ ನಾನು ಬಂದ ಮೊದಲ ಚಳಿಗಾಲದಲ್ಲಿ ಕೊಂಡಿ ಅವರಿಗೇ ಕಾಣಲಿಲ್ಲ. ನನ್ನನ್ನು ಅತ್ತ ತಿರುಗಿಸಲೇ ಇಲ್ಲ. ಬೇರೆ ಅರಳೆಗಳನ್ನು ತೋರಿಸಿ ಕಳಿಸುತ್ತಿದ್ದರು. ಎರಡನೆಯ ಚಳಿಗಾಲ ಬರುವ ಹೊತ್ತಿಗೆ ಸೆರಗುಗಳೂ ಮಾಸಿದವು ಎನ್ನತೊಡಗಿದರು.

"ಕನ್ನಡಿ ಕಿಲುಬೈತಿ," ಎಂದರು ಒಂದು ದಿನ. "ಬೆಳ್ಳಿ ಹೊಸದಾಗಿ ಏರಿಸಬೇಕು."

ಅದು ಸುಳ್ಳಲ್ಲ. ಗಾಜಿನ ಮೇಲಿನ ಬೆಳ್ಳಿಯ ತೆಳುಪದರ ಕೆಲವು ಮಳೆಗಾಲ ಕಳೆದರೆ ಕಂದುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಏರಿಸಬೇಕು. ಮಾವ ಇದ್ದಾಗ ಬೆಳ್ಳಿ ರೂಪಾಯಿ ಕರಗಿಸುತ್ತಿದ್ದರಂತೆ. ಮಾವ ಹೋದ ಮೇಲೆ ಅತ್ತೆಯ ಕಾಲುಂಗುರ, ಕಾಲ್ಗಡಗಗಳು ಕನ್ನಡಿಗೆ ಹೋದವು. ಈಗ ಯುದ್ಧದ ಕಾಲ, ಹಳೆಯ ಬೆಳ್ಳಿ ನಾಣ್ಯಗಳನ್ನು ಜನ ನೆಲದಲ್ಲಿ ಹುಗಿದಿಟ್ಟಿದ್ದರು. ನಾನು ನನ್ನ ಕಾಲ್ಗಡಗ ಬಿಚ್ಚಿ ಮುಂದಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಅವುಗಳ ಮೇಲೆ ಆಸೆಯಿತ್ತು, ಆದರೂ ಇಟ್ಟೆ. ಅವರು ಅವನ್ನು ಮುಟ್ಟಲೇ ಇಲ್ಲ. ಮುತ್ತೈದೆಯ ಕಾಲಿನದು ನನಗೆ ಬೇಡ ಎಂದರು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಎದ್ದಾಗ ಅವರ ಕೊರಳಲ್ಲಿ ಕರಡಿಗೆ ಇರಲಿಲ್ಲ. ಲಿಂಗವನ್ನು ತಮ್ಮ ಹಳೆಯ ಸೀರೆಯ ಬಟ್ಟೆಯಲ್ಲಿ ಸುತ್ತಿ ದಾರಕ್ಕೆ ಕಟ್ಟಿಕೊಂಡಿದ್ದರು. ಕರಡಿಗೆ ಅಂಗೈಯಲ್ಲಿತ್ತು. ಅದು ಅವರ ಅವ್ವನ ಕೊರಳಿನದು, ದೀಕ್ಷೆಯ ದಿನ ಇವರ ಕೊರಳಿಗೆ ಬಂದದ್ದು. ಅಕ್ಕಸಾಲಿ ಪತ್ತಾರರ ಅಂಗಡಿಗೆ ಹೋಗೋಣ ನಡಿ ಎಂದರು. ಬಟ್ಟೆಯಲ್ಲಿ ಲಿಂಗ ಕಟ್ಟಿಕೊಳ್ಳುವವರು ಊರಲ್ಲಿ ಬೇಕಾದಷ್ಟು ಜನ, ಅದರಲ್ಲಿ ತಪ್ಪೇನಿಲ್ಲ. ಆದರೆ ಲಿಂಗದ ಮೈಮೇಲಿನ ಬೆಳ್ಳಿಯನ್ನು ಇಳಿಸಿ, ಚಿಕ್ಕೆ ನೋಡಲಿಕ್ಕೆಂದು ಕರಗಿಸುವವರನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ.

ಪತ್ತಾರರೂ ಕೇಳಿರಲಿಲ್ಲ. ಅವರು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ತಿರುಗಿ ಅತ್ತೆಯ ಕೈಗೇ ಇಟ್ಟರು. ಇದನ್ನು ಬೆಳ್ಳಿ ಕರಗಿಸುವ ತೇಜಾಬಿನಲ್ಲಿ ಹಾಕುವ ಕೈ ನನ್ನದಲ್ಲ, ಬೇಕಾದರೆ ಅಂಗಡಿಯನ್ನೇ ಮುಚ್ಚುತ್ತೇನೆ ಎಂದರು. ಅಲ್ಲಿಂದ ಅತ್ತೆ ನೆಟ್ಟಗೆ ದವಾಖಾನೆಗೆ ನಡೆದರು. ಅಲ್ಲಿಯ ಕಂಪೌಂಡರ್ ಸಾಹೇಬರು ಮಾವನ ಗೆಳೆಯರು, ಪ್ರತಿ ಸಲ ಬೆಳ್ಳಿ ಏರಿಸಲು ಔಷಧ ಕೂಡಿಸಿಕೊಟ್ಟವರು. ಅವರೂ ಕರಡಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅವ್ವಾರ, ಪಕ್ಕಾ ಐತೇನ್ರಿ? ತೇಜಾಬಿಗಿ ಬಿದ್ದದ್ದು ವಾಪಸ್ ಬರಂಗಿಲ್ಲ." ಮತ್ತೆ ಮೆಲ್ಲಗೆ, ಇಷ್ಟೆಲ್ಲ ಬೇಕಾಗುವುದಿಲ್ಲ, ಅಂಚು ಕತ್ತರಿಸಿ ಕೊಟ್ಟರೂ ಸಾಕು ಎಂದರು.

"ಅರ್ಧಾ ಕರಡಗಿ ಹಾಕ್ಕೊಂಡು ತಿರಗಲೇನು? ಪೂರಾ ಹಾಕ್ರಿ, ಉಳಿದದ್ದು ಮುಂದಿನ ಸಲಕ್ಕಾತು."

ಆ ಶುಕ್ರವಾರ ನನ್ನ ಗಂಡ ಬಂದರು. ತಾಯಿಯ ಕೊರಳು ನೋಡಿದರು. ನಾನು ಹೇಳಿದೆ. ಅವರು ಕೂಗಾಡುವ ಮನುಷ್ಯರಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಊಟದ ಮುಂದಿನಿಂದ ಎದ್ದು ಕೈ ತೊಳೆದುಕೊಂಡರು, ಮೋಟಾರಿನ ಹೊತ್ತಾಗುವ ಮೊದಲೇ ಸಿಂಧನೂರಿಗೆ ಹೊರಟುಹೋದರು. ಅತ್ತೆ ಆ ಗಂಗಾಳದ ಮುಂದೆ ಬಹಳ ಹೊತ್ತು ಕೂತಿದ್ದರು. ಅವ ಅವರಪ್ಪನಂಗ, ಕಾಣದ್ದನ್ನ ನಂಬಂಗಿಲ್ಲ ಎಂದರು. ಆ ಮಾತಿನ ಅರ್ಥ ನನಗೆ ಆಗಲಿಲ್ಲ. ನನಗೆ ಅತ್ತೆಯ ಮೇಲೂ ಸಿಟ್ಟು ಬಂದಿತ್ತು.

ಬೆಳ್ಳಿ ಏರಿಸಿದ್ದು ಒಂದು ಹಗಲು, ಹಿತ್ತಲ ಪಡಸಾಲೆಯಲ್ಲಿ. ಕರಡಿಗೆ ತೇಜಾಬಿನಲ್ಲಿ ನೊರೆಯುತ್ತ ಕರಗಿ ನೀಲಿ ನೀರಾದದ್ದನ್ನು ನಾನು ನೋಡಲಾರದೆ ಒಳಗೆ ಹೋದೆ. ಕಂಪೌಂಡರ್ ಸಾಹೇಬರು ಅದರೊಳಗಿನ ತಾಮ್ರ ಬೇರ್ಪಡಿಸಿ, ಶುದ್ಧ ಬೆಳ್ಳಿಯನ್ನು ಮತ್ತೆ ಕರಗಿಸಿ, ವಾಸನೆಯ ಔಷಧ ಬೆರೆಸಿ ತಂದರು. ತೊಳೆದಿಟ್ಟ ಗಾಜಿನ ಮೇಲೆ ಅದನ್ನು ಹೊಯ್ದು ಸಕ್ಕರೆ ನೀರು ಕೂಡಿಸಿದರು. ನೋಡನೋಡುತ್ತ ಎಲ್ಲ ಕಪ್ಪು ರಾಡಿಯಾಯಿತು. ಹೋಯಿತು, ಕರಡಿಗೆಯೂ ಹೋಯಿತು, ಕನ್ನಡಿಯೂ ಹೋಯಿತು ಎಂದುಕೊಂಡೆ. ಆಮೇಲೆ ಬಾವಿಯ ನೀರಿನಿಂದ ತೊಳೆದರು. ರಾಡಿ ಹರಿದುಹೋದ ಕಡೆ ಬಿಸಿಲೇ ನೆಲಕ್ಕೆ ಬಿದ್ದಂತೆ ಹೊಳೆಯಿತು. ಬಗ್ಗಿ ನೋಡಿದರೆ ನನ್ನ ಮೂಗು ಬದನೆಕಾಯಿಯಷ್ಟಾಗಿ ಎದುರಿಗೆ ಬಂತು, ಹೆದರಿ ಹಿಂದೆ ಸರಿದೆ. ಸಾಹೇಬರು ನಕ್ಕರು. ಉಳಿದ ನೀರನ್ನು ಇಟ್ಟುಕೊಂಡರೆ ಸಿಡಿಯುತ್ತದೆಂದು ಕೂಡಲೇ ಉಪ್ಪು ಹಾಕಿ ತಿಪ್ಪೆಯ ಗುಂಡಿಗೆ ಚೆಲ್ಲಿದರು.

ಎಳ್ಳಮಾವಾಸ್ಯೆ ಬಂತು. ಹಗಲು ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬಂದೆವು. ನನ್ನ ಗಂಡ ಬರಲಿಲ್ಲ. ಹೊತ್ತು ಮುಳುಗಿ ಕತ್ತಲು ಗಟ್ಟಿಯಾದ ಮೇಲೆ ಅತ್ತೆ ಕಣ್ಣಿನ ಬಟ್ಟೆ ಬಿಚ್ಚಿ, ಪೆಟ್ಟಿಗೆಯನ್ನು ಆ ಮೂರು ಚಿಕ್ಕೆ ಇರುವ ಕಡೆ ತಿರುಗಿಸಿ, ಮೊದಲು ತಾವೇ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಚಳಿಗೆ ಸೆರಗು ಹೊದ್ದು ನಿಂತಿದ್ದೆ. ಅವರು ಏನೂ ಹೇಳದೆ ಪಕ್ಕಕ್ಕೆ ಸರಿದು, ನೀ ನೋಡು ಎಂದರು. ಆ ದೊಡ್ಡ ಅರಳೆಗೆ ನನ್ನನ್ನು ನಿಲ್ಲಿಸಿದ್ದು ಅದೇ ಮೊದಲು.

ನಾನು ಕಣ್ಣಿಟ್ಟೆ. ಹೊಳೆಯುವ ನಡುಭಾಗ, ಅದರೊಳಗೆ ಒತ್ತೊತ್ತಾಗಿ ಕೂತ ನಾಲ್ಕು ಚಿಕ್ಕೆ, ಬೆಳಕನ್ನು ಕಚ್ಚಿ ತೆಗೆದಂಥ ಒಂದು ಕಪ್ಪು ಸಂದು, ಎರಡು ಕಡೆಗೆ ಚಾಚಿದ ಸೆರಗು. ನಾನು ಕಂಡದ್ದನ್ನು ಒಂದೊಂದಾಗಿ ಹೇಳುತ್ತ ಹೋದೆ. ಅವರು ಹೂಂಗುಟ್ಟುತ್ತಿದ್ದರು. ಕಲಿಸಿದ ಹಾಗೆ ಕಣ್ಣನ್ನು ಆಚೆಯ ಚಿಕ್ಕೆಯ ಮೇಲಿಟ್ಟು ಸೆರಗುಗಳನ್ನು ಮೂಲೆಗಣ್ಣಿಗೆ ಬಿಟ್ಟುಕೊಟ್ಟೆ. ಅವು ಇನ್ನೂ ಉದ್ದವಾದವು, ಬಾಗಿದವು.

"ಅತ್ತೀ, ದೂರ ಆ ತುದ್ಯಾಗ ಎರಡೂ ಕೂಡ್ಯಾವಲ್ರಿ," ಎಂದೆ. ಅದೇನು ದೊಡ್ಡ ಮಾತೆಂದು ನನಗೆ ಗೊತ್ತಿರಲಿಲ್ಲ.

ಹೂಂ ಎನ್ನಲಿಲ್ಲ. ಅವರು ನನ್ನ ರಟ್ಟೆ ಹಿಡಿದುಕೊಂಡರು. ಮತ್ತೆ ನೋಡಲು ಹೇಳಿದರು, ಮತ್ತೆ ಹೇಳಿದೆ. ಒಂದು ಸೆರಗು ದಪ್ಪ, ಇನ್ನೊಂದು ತೆಳು, ಕೂಡುವ ಕಡೆ ಬಹಳ ತೆಳು, ನೆಟ್ಟಗೆ ನೋಡಿದರೆ ಮಾಯ, ವಾರೆಗಣ್ಣಿಗೆ ಬರುತ್ತದೆ. ಅವರು ನನ್ನನ್ನು ಸರಿಸಿ ತಾವು ಕಣ್ಣಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು ಇಟ್ಟರು. ಎಡಗಣ್ಣು ಇಟ್ಟರು. ಪೆಟ್ಟಿಗೆಯನ್ನು ಒಂದಿಷ್ಟು ಅಲ್ಲಾಡಿಸಿ ಮತ್ತೆ ಬಲಗಣ್ಣು ಇಟ್ಟರು. ನನಗೆ ಆಗ ಒಂದೊಂದಾಗಿ ಹೊಳೆಯತೊಡಗಿತು. ಜೋಳದ ಕಲ್ಲು, ಹಳ್ಳು ಆರಿಸುವ ಕೆಲಸ ಸೊಸೆಯದೆಂದು ನನಗೆ ದಾಟಿಸಿದ್ದು, ಸೂಜಿಗೆ ದಾರ ನನ್ನಿಂದ ಹಾಕಿಸುತ್ತಿದ್ದುದು, ಬಾಗಿಲಲ್ಲಿ ನಿಂತವರನ್ನು ದನಿ ಕೇಳುವ ತನಕ ಮಾತಾಡಿಸದೆ ಇದ್ದುದು. ಕನ್ನಡಿಗೆ ಏನೂ ಆಗಿರಲಿಲ್ಲ, ಆಗಿದ್ದರೂ ಅದು ಸ್ವಲ್ಪ. ಕಂದಿದ್ದು ಕಣ್ಣು. ಕರಡಿಗೆ ಸುಮ್ಮನೆ ಹೋಯಿತು. ಅವರಿಗೂ ಅದೇ ಹೊತ್ತಿಗೆ ತಿಳಿದಿರಬೇಕು. ಕೊಳವೆಯಿಂದ ಮುಖ ತೆಗೆದರು. ಅಳುತ್ತಾರೆಂದುಕೊಂಡೆ.

"ಹಂಗಾದ್ರ ಕನ್ನಡಿ ಛಲೋ ಆಗೈತಿ," ಎಂದರು.

ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಕೊಂಡಿಯ ಕತೆ ಹೇಳಿದರು. ಇಳಕಲ್ಲು, ಮಗ್ಗ, ಮಾವನ ಹಾಸ್ಯ, ಎಲ್ಲ. ನಾನು ಅತ್ತುಬಿಟ್ಟೆ. ಅವರು ಗೆದ್ದಿದ್ದರು, ಗೆದ್ದದ್ದನ್ನು ನೋಡಲು ಅವರಿಗೆ ಕಣ್ಣಿರಲಿಲ್ಲ. ಇಂಥ ಅನ್ಯಾಯವನ್ನು ನಾನು ಮುಂದೆಯೂ ಕಂಡದ್ದು ಕಡಿಮೆ.

ಕಂಪೌಂಡರ್ ಸಾಹೇಬರು ಬಿಸಿಲಿಗೆ ನಿಲ್ಲಿಸಿ ಕಣ್ಣಗಲಿಸಿ ನೋಡಿ, ಮೋತಿಬಿಂದು, ಎರಡರಲ್ಲೂ ಪರದೆ ಬಂದಿದೆ ಎಂದರು. ರಾಯಚೂರಿಗೆ ಹೋದರೆ ಕೊಯ್ದು ತೆಗೆಯುತ್ತಾರೆ ಎಂದರು. ನನ್ನ ಗಂಡ ಈಗ ಬಂದರು. ತಾಯಿಯ ಮುಂದೆ ಕೂತು ತಾವೇ ರೊಟ್ಟಿ ಮುರಿದು ಕೊಟ್ಟರು, ಕರಡಿಗೆಯ ಮಾತೆತ್ತಲಿಲ್ಲ. ರಾಯಚೂರಿಗೆ ಕರೆದೊಯ್ಯುವ ಮಾತು ವರ್ಷ ವರ್ಷ ನಡೆಯಿತು. ಒಮ್ಮೆ ರಜೆ ಸಿಗಲಿಲ್ಲ, ಒಮ್ಮೆ ಅತ್ತೆ ಒಪ್ಪಲಿಲ್ಲ, ಆಮೇಲೆ ರಜಾಕಾರರ ಗಲಾಟೆಯಲ್ಲಿ ದಾರಿಯೇ ನೆಟ್ಟಗಿರಲಿಲ್ಲ. ಅತ್ತೆ ಗೋಡೆ ಹಿಡಿದು ಓಡಾಡುವಂತಾದರು. ಅಮಾವಾಸ್ಯೆ ಬಂದರೆ ಮಾತ್ರ ನನ್ನನ್ನು ಹಿತ್ತಲಿಗೆ ಎಬ್ಬಿಸುತ್ತಿದ್ದರು. ನಾನು ಕಣ್ಣಿಟ್ಟು ಹೇಳುವುದು, ಅವರು ಕಟ್ಟೆಯ ಮೇಲೆ ಕೂತು ಕೇಳುವುದು. ಚಳಿಗಾಲದಲ್ಲಿ ಕೊನೆಗೆ ಅದೊಂದು ಪ್ರಶ್ನೆ ಇರುತ್ತಿತ್ತು, ಕೂಡೈತೇನು? ನಾನು ಕೂಡೈತ್ರಿ ಎನ್ನುತ್ತಿದ್ದೆ. ಅವರು ಎದ್ದು ಒಳಗೆ ಹೋಗುತ್ತಿದ್ದರು. ಇಷ್ಟರಲ್ಲೇ ಅವರು ಸುಖವಾಗಿದ್ದಾರೆಂದು ನಾನು ತಿಳಿದಿದ್ದೆ.

ನಿಜಾಮರ ರಾಜ್ಯ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದರು. ಜ್ವರ ಬಿಡಲಿಲ್ಲ. ಒಂದು ಮಧ್ಯಾಹ್ನ, ನನ್ನ ಗಂಡ ಔಷಧಕ್ಕೆಂದು ಹೊರಗೆ ಹೋದಾಗ, ಬಾಗಿಲು ಮುಂದಕ್ಕೆ ಮಾಡು ಎಂದರು. ಮಾಡಿದೆ. ಹತ್ತಿರ ಕೂಡು ಎಂದರು. ಕೂತೆ.

"ಖರೇ ಹೇಳು ಯವ್ವಾ. ಅವತ್ತು ಎಳ್ಳಮಾಸಿ ದಿನ ಕನ್ನಡಿ ನೋಡಿ ಹೇಳಿದ್ಯೋ, ನನ್ನ ಮಾರಿ ನೋಡಿ ಹೇಳಿದ್ಯೋ?"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಯಾರೋ ಕೆನ್ನೆಗೆ ಬಿಗಿದಂತಾಯಿತು. ಇಷ್ಟು ವರ್ಷ, ಪ್ರತಿ ಚಳಿಗಾಲ, ಪ್ರತಿ ಅಮಾವಾಸ್ಯೆ ನನ್ನ ಬಾಯಿಂದ ಕೇಳಿ ಎದ್ದು ಹೋಗುತ್ತಿದ್ದವರು ಒಳಗೊಳಗೆ ಈ ಅನುಮಾನವನ್ನು ಹೊತ್ತುಕೊಂಡೇ ಹೋಗುತ್ತಿದ್ದರು. ಕಣ್ಣು ಹೋದ ಮುದುಕಿ, ಕರಡಿಗೆ ಕಳೆದುಕೊಂಡವಳು, ಪಾಪ ಎಂದು ಸೊಸೆ ಕರುಣೆಯಿಂದ ಅಂದಿರಬಹುದಲ್ಲ? ಯಾರಿಂದಲೋ ಮೊದಲೇ ಕೊಂಡಿಯ ವಿಷಯ ಕೇಳಿರಬಹುದಲ್ಲ? ನನಗೆ ದುಃಖ ಬಂತು, ಸಿಟ್ಟೂ ಬಂತು. ನನ್ನನ್ನೇ ನಂಬಲಿಲ್ಲವೇ ಎಂದು ಕೇಳಬೇಕೆನಿಸಿತು. ಆದರೆ ಇದ್ದದ್ದನ್ನು ಇದ್ದಂತೆಯೇ ಹೇಳಬೇಕೆಂದು ನನಗೆ ಕಲಿಸಿದವರು ಅವರೇ. ತಮಗೊಂದು ನಿಯಮ, ಲೋಕಕ್ಕೊಂದು ನಿಯಮ ಇಟ್ಟುಕೊಂಡವರಲ್ಲ.

"ಕನ್ನಡಿ ನೋಡಿ ಹೇಳೀನ್ರಿ ಅತ್ತಿ," ಎಂದೆ.

"ಲಿಂಗ ಕೈಯಾಗ ತಗೊಂಡು ಹೇಳು."

ನಾನು ಕೊರಳಿನಿಂದ ನನ್ನ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡೆ. ಅವರಿಗೆ ಅದು ಕಾಣುವಂತಿರಲಿಲ್ಲ. ಇನ್ನೊಬ್ಬರ ಲಿಂಗ ಮುಟ್ಟುವ ಹಾಗೂ ಇಲ್ಲ. ಅವರು ಬೆರಳುಗಳಿಂದ ನನ್ನ ಮೊಣಕೈಯಿಂದ ಮುಂಗೈ ತನಕ ತಡವಿ, ಅಂಗೈ ಮೇಲ್ಮುಖವಾಗಿದೆಯೆಂದು ಗೊತ್ತುಮಾಡಿಕೊಂಡು, ಅಲ್ಲೇ ಮಣಿಕಟ್ಟು ಹಿಡಿದು ನಿಲ್ಲಿಸಿದರು. ನಾಡಿ ನೋಡುವವರ ಹಿಡಿತ ಅದು. ಜ್ವರದ ಕೈ, ಸುಡುತ್ತಿತ್ತು.

"ಕೂಡೈತ್ರಿ. ನೀವು ಏನೂ ಹೇಳಿದ್ದಿಲ್ಲ, ಯಾರೂ ಹೇಳಿದ್ದಿಲ್ಲ. ನನ್ನ ಕಣ್ಣಿಲೆ ನೋಡೀನಿ. ವರ್ಷಾ ವರ್ಷಾ ನೋಡೀನಿ."

ಅವರು ಬಹಳ ಹೊತ್ತು ಕೈ ಬಿಡಲಿಲ್ಲ. ನಾನು ಸುಳ್ಳು ಹೇಳಿದ್ದರೆ ಆ ಬೆರಳುಗಳಿಗೆ ಗೊತ್ತಾಗಿಬಿಡುತ್ತಿತ್ತೆಂದು ಇಂದಿಗೂ ನನಗೆ ಅನ್ನಿಸುತ್ತದೆ. ಕೊನೆಗೆ ಮುಖ ಸಡಿಲಾಯಿತು. ಮದುವಣಗಿತ್ತಿಯ ಮುಖದಲ್ಲೂ ನಾನು ಅಂಥ ಬೆಳಕು ಕಂಡಿಲ್ಲ.

"ಹಂಗಾದ್ರ ನಾ ಹೋಗಿ ಅವರಿಗೆ ಹೇಳತೀನಿ," ಎಂದರು.

ಮರುದಿನ ಹೊತ್ತೇರುವ ಮೊದಲೇ ಹೋದರು. ಹೊಲದಲ್ಲಿ ಮಾವನವರ ಪಕ್ಕದಲ್ಲೇ, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿ ಮಣ್ಣು ಮಾಡಿದೆವು. ಹಿಡಿ ಮಣ್ಣು ಹಾಕುವಾಗ ನನ್ನ ಗಂಡ, ಅವ್ವ ನಿನ್ನೆ ನಿನಗೆ ಏನಾದರೂ ಹೇಳಿದಳೇ ಎಂದು ಕೇಳಿದರು. ನಿಮ್ಮ ಅಪ್ಪನಿಗೆ ಒಂದು ಸುದ್ದಿ ಮುಟ್ಟಿಸುವುದಿದೆ ಎಂದರು ಅಂದೆ. ಅವರು ತಲೆ ತಗ್ಗಿಸಿದರು.

ಮುಟ್ಟಿಸಿದ್ದಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಮಾವನವರು ಒಪ್ಪಿಕೊಂಡರೋ, ಇಲ್ಲ ಅಲ್ಲಿಯೂ ವಾದ ನಡೆದಿದೆಯೋ, ಅದೊಂದು ಮಾತ್ರ ನನಗೆ ಗೊತ್ತಿಲ್ಲ.